ಎರಡು ತಂತಿಯ ಬಸ್ಸು

1968ರ ಮೇ 12ರಂದು ಬೆಲ್‌ಫಾಸ್ಟ್‌ನಲ್ಲಿ ಕೊನೆಯ ಟ್ರಾಲಿಬಸ್ ಓಡಿತು. ಐರ್ಲೆಂಡ್ ದ್ವೀಪದಲ್ಲಿ ಟ್ರಾಲಿಬಸ್ ಇದ್ದದ್ದು ಅದೊಂದೇ ಊರಿನಲ್ಲಿ. 1938ರಲ್ಲಿ ಶುರುವಾಗಿ ಮೂವತ್ತು ವರ್ಷ ನಡೆಯಿತು. ಡಬ್ಲಿನ್ ಮತ್ತು ಕಾರ್ಕ್ ತಮ್ಮ ಹಳೆಯ ಟ್ರಾಮ್‌ಗಳನ್ನು ನಿಲ್ಲಿಸಿದಾಗ ನೇರವಾಗಿ ಎಂಜಿನ್ ಬಸ್ಸಿಗೆ ಹೋದವು.

ನೋಡದವರಿಗಾಗಿ ಹೇಳುತ್ತೇನೆ. ಟ್ರಾಲಿಬಸ್ ಎಂದರೆ ರಬ್ಬರ್ ಚಕ್ರದ ಬಸ್ಸೇ. ಆದರೆ ಡೀಸೆಲ್ ಬದಲು ಕರೆಂಟಿನಲ್ಲಿ ಓಡುತ್ತದೆ. ರಸ್ತೆಯ ಮೇಲೆ ಎರಡು ತಂತಿ, ಬಸ್ಸಿನ ಚಾವಣಿಯ ಮೇಲೆ ಎರಡು ಉದ್ದನೆಯ ಕೋಲು. ಒಂದು ತಂತಿಯಿಂದ ಕರೆಂಟು ಬರುತ್ತದೆ, ಇನ್ನೊಂದರಿಂದ ವಾಪಸು ಹೋಗುತ್ತದೆ. ಟ್ರಾಮಿಗೆ ಒಂದೇ ತಂತಿ ಸಾಕು, ವಾಪಸು ಹೋಗಲು ಕೆಳಗೆ ಹಳಿ ಇದೆ. ಈ ವ್ಯತ್ಯಾಸ ನೆನಪಿನಲ್ಲಿದ್ದರೆ ಮುಂದಿನದೆಲ್ಲ ತಿಳಿಯುತ್ತದೆ.

ನಾನು ಡಬ್ಲಿನ್ನಿನ ಟ್ರಾಮ್ ತಂತಿಯ ಕೆಲಸದವನು. 2020ರ ಬೇಸಿಗೆಯಲ್ಲಿ ನಿವೃತ್ತನಾದೆ. ಈ ಕೆಲಸಕ್ಕೆ ಈಗ ಸೇರುತ್ತಿರುವವರು ಆಗಾಗ ಫೋನ್ ಮಾಡಿ ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ಅವರಿಗೆ ಪ್ರಯೋಜನವಿಲ್ಲ. ನನಗೆ ಕೆಲಸ ಕಲಿಸಿದ್ದು ಟ್ರಾಲಿಬಸ್ ತಂತಿಯ ಕೆಲಸಗಾರರೊಬ್ಬರು. ಅವರ ಹೆಸರು ಬಿಲ್ಲಿ. ಬರೆಯಬೇಕಾದದ್ದು ಅವರ ಬಗ್ಗೆ.

ನನ್ನ ಹೆಂಡತಿ ಶೈಲಜಾ ಮೈಸೂರಿನಲ್ಲಿ ಓದಿದ ಡಾಕ್ಟರು. ಅವಳಿಗೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ನಾನು ಅವಳ ಹಿಂದೆ ಬಂದೆ. ಊರಿನಲ್ಲಿ ನಾನು ರೈಲ್ವೆ ವಿದ್ಯುದೀಕರಣದ ಗ್ಯಾಂಗಿನಲ್ಲಿದ್ದೆ. ಆಗ ಡಬ್ಲಿನ್ನಿನಲ್ಲಿ ಹೊಸ ಟ್ರಾಮ್ ಕಟ್ಟುತ್ತಿದ್ದರು, ತಂತಿ ಎಳೆಯಲು ಬಲ್ಲವರು ಬೇಕಾಗಿದ್ದರು. ಸಂದರ್ಶನ ನಡೆದದ್ದು ಡಿಪೋದ ಅಂಗಳದಲ್ಲಿ, ಟವರ್ ವ್ಯಾಗನ್ ಎಂಬ ಎತ್ತುವ ಕಟ್ಟೆಯ ಲಾರಿಯ ಪಕ್ಕದಲ್ಲಿ. ಅರವತ್ತರ ಹತ್ತಿರದ ಗಿಡ್ಡ ಮನುಷ್ಯರೊಬ್ಬರು ಲಾರಿಯಿಂದ ಇಳಿದರು. ಇಳಿದರು ಎನ್ನುವುದಕ್ಕಿಂತ ಹಾರಿದರು: ಎರಡೂ ಕಾಲು ಜೋಡಿಸಿ, ಕಪ್ಪೆಯ ಹಾಗೆ.

ನಾನು ಮಾಮೂಲಿನಂತೆ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹತ್ತಲು ಹೋದೆ.

"ಅಲ್ಲೇ ನಿಂತ್ಕೋ" ಎಂದರು. "ಈಗ ನೀನು ಸತ್ತೆ."

"ಲಾರಿಗೆ ಕರೆಂಟೇ ಇಲ್ವಲ್ಲ?"

"ಇವತ್ತಿಲ್ಲ. ಅಭ್ಯಾಸಕ್ಕೆ ಇವತ್ತು ನಾಳೆ ಅಂತಿರುತ್ತಾ?"

ಕಾರಣ ಆಮೇಲೆ ತಿಳಿಯಿತು. ಟ್ರಾಲಿಬಸ್ಸಿನ ಮೈ ರಬ್ಬರ್ ಚಕ್ರದ ಮೇಲಿರುತ್ತದೆ, ನೆಲಕ್ಕೆ ತಾಗುವುದಿಲ್ಲ. ಒಳಗೆಲ್ಲೋ ತಂತಿಯ ಹೊದಿಕೆ ಹರಿದರೆ ಇಡೀ ಬಸ್ಸಿನ ಮೈಗೆ ಕರೆಂಟು ಬಂದು ಕೂರುತ್ತದೆ. ಬಸ್ಸಿನೊಳಗೆ ಇರುವವನಿಗೆ ಏನೂ ಆಗುವುದಿಲ್ಲ, ರಸ್ತೆಯ ಮೇಲಿರುವವನಿಗೂ ಏನೂ ಆಗುವುದಿಲ್ಲ. ಒಂದು ಕಾಲು ಬಸ್ಸಿನಲ್ಲಿ, ಒಂದು ಕಾಲು ನೆಲದಲ್ಲಿ ಇರುವವನಿಗೆ ಹೊಡೆಯುತ್ತದೆ. ಬೆಲ್‌ಫಾಸ್ಟ್‌ನಲ್ಲಿ ಅವರ ಗ್ಯಾಂಗಿನವರು ಅದಕ್ಕೇ ಹಾರಿ ಹತ್ತಿ ಹಾರಿ ಇಳಿಯುತ್ತಿದ್ದರಂತೆ. ಬಿಲ್ಲಿ ಆ ಅಭ್ಯಾಸವನ್ನು ಬಿಡಲಿಲ್ಲ. ಟ್ರಾಮಿಗೂ ಹಾರಿ ಹತ್ತುತ್ತಿದ್ದರು, ಟ್ಯಾಕ್ಸಿಗೂ. ಮಗಳ ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಕಾರಿನಿಂದ ಹಾರಿದ್ದನ್ನು ಗ್ಯಾಂಗಿನವರು ವರ್ಷಗಟ್ಟಲೆ ಆಡಿಕೊಂಡರು.

ಬಿಲ್ಲಿ ಬೆಲ್‌ಫಾಸ್ಟ್ ಗ್ಯಾಂಗಿಗೆ ಸೇರಿದಾಗ ಟ್ರಾಲಿಬಸ್ಸನ್ನು ನಿಲ್ಲಿಸುವ ತೀರ್ಮಾನ ಆಗಿಹೋಗಿತ್ತು. ಒಂದೊಂದೇ ಮಾರ್ಗ ಮುಚ್ಚುತ್ತಿದ್ದಂತೆ ಅವರ ಕೆಲಸ ತಂತಿ ಬಿಚ್ಚುವುದು, ತಾಮ್ರವನ್ನು ಸುರುಳಿ ಸುತ್ತಿ ಗುಜರಿಗೆ ಕಳಿಸುವುದು. ಕೊನೆಯ ಬಸ್ಸು ಓಡಿದ ಮೇಲೆ ಉಳಿದದ್ದನ್ನೂ ಬಿಚ್ಚಿದರು. ಡಬ್ಲಿನ್ನಿನ ಹೊಸ ಟ್ರಾಮಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

"ಬೇರೆಯವರು ಕಟ್ಟಿದ್ದನ್ನ ಬಿಚ್ಚೋದ್ರಲ್ಲಿ ನನ್ನ ಮೀರಿಸೋರಿಲ್ಲ" ಎನ್ನುತ್ತಿದ್ದರು. "ಎರಡು ತಂತಿ ಕಟ್ಟೋ ಭಾಗ್ಯ ಮಾತ್ರ ಬರ್ಲಿಲ್ಲ ನೋಡು."

ನಗುತ್ತಾ ಹೇಳುತ್ತಿದ್ದರು. ತಮಾಷೆಯಲ್ಲ ಎಂದು ನನಗೆ ಗೊತ್ತಾಗಲು ಕೆಲವು ವರ್ಷ ಬೇಕಾಯಿತು.

ಅವರೂ ತಪ್ಪು ಮಾಡುತ್ತಿದ್ದರು. ಟ್ರಾಮಿನ ತಂತಿಯನ್ನು ನೇರವಾಗಿ ಎಳೆಯಬಾರದು. ಕಂಬದಿಂದ ಕಂಬಕ್ಕೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ವಾಲಿಸಬೇಕು. ಇಲ್ಲದಿದ್ದರೆ ಟ್ರಾಮಿನ ಚಾವಣಿಯ ಮೇಲೆ ಕರೆಂಟು ಎಳೆದುಕೊಳ್ಳುವ ಚೌಕಟ್ಟು ತಂತಿಗೆ ಒಂದೇ ಜಾಗದಲ್ಲಿ ಉಜ್ಜಿ ಸವೆದು ಕಚ್ಚು ಬೀಳುತ್ತದೆ. ರೈಲಿನಲ್ಲೂ ಹಾಗೆಯೇ, ನಾನು ಅದನ್ನೇ ಕಲಿತು ಬಂದಿದ್ದೆ. ಬಿಲ್ಲಿಯ ಕಣ್ಣು ಟ್ರಾಲಿಬಸ್ಸಿನ ನೇರ ಜೋಡಿ ತಂತಿಗೆ ಒಗ್ಗಿದ್ದು. ವಾಲಿಸಿದ ತಂತಿ ನೋಡಿದರೆ ಅವರಿಗೆ ಗೋಡೆಗೆ ಸೊಟ್ಟ ನೇತುಹಾಕಿದ ಪಟ ನೋಡಿದ ಹಾಗಾಗುತ್ತಿತ್ತು. ಒಂದು ಸಲ ನಾನು ರಜೆಯಲ್ಲಿದ್ದಾಗ ಟ್ರಾಮ್ ಓಡಿಸಿ ನೋಡುವ ಪರೀಕ್ಷಾ ಮಾರ್ಗದ ಒಂದು ತುಂಡನ್ನು ನೆಟ್ಟಗೆ ಮಾಡಿಸಿಬಿಟ್ಟರು. ಕೆಲವೇ ವಾರಗಳಲ್ಲಿ ಚೌಕಟ್ಟಿನ ಇಂಗಾಲದ ಪಟ್ಟಿಯಲ್ಲಿ ಗರಗಸ ಎಳೆದಂತೆ ಗೆರೆ. ಅದನ್ನು ಎತ್ತಿ ಹಿಡಿದು ಗ್ಯಾಂಗಿನ ಎದುರು ಹೇಳಿದರು: "ಇದು ಬೆಲ್‌ಫಾಸ್ಟ್‌ನ ಹಟ. ಇನ್ಮೇಲೆ ಶ್ರೀ ಹೇಳಿದ ಹಾಗೆ ಎಳೀರಿ." ಶ್ರೀ ಎಂದರೆ ನಾನು. ಶ್ರೀನಿವಾಸ ಎಂದು ಅವರು ಒಂದು ದಿನವೂ ಪೂರ್ತಿ ಹೇಳಲಿಲ್ಲ.

ದಿನದ ವರದಿ ಬರೆಯುವುದನ್ನೂ ಅವರೇ ಕಲಿಸಿದರು. ನನ್ನ ಮೊದಲ ವರದಿಯಲ್ಲಿ 'ಪರಿಸ್ಥಿತಿ ಆತಂಕಕಾರಿಯಾಗಿತ್ತು' ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕಿದರು. "ಏನಾಯ್ತು, ಎಲ್ಲಾಯ್ತು, ಯಾವಾಗಾಯ್ತು, ಈಗ ಹೇಗಿದೆ. ನಿಂಗೇನನ್ನಿಸ್ತು ಅನ್ನೋದನ್ನ ಮನೇಗೋಗಿ ಹೆಂಡ್ತಿಗೆ ಹೇಳು." ಹೆಂಡತಿಗೆ ಹೇಳಿದೆ. ಶೈಲಜಾ, "ಕೇಸ್ ಶೀಟಲ್ಲಿ ನಮಗೂ ಅದೇ ರೂಲ್ಸು ಕಣ್ರೀ" ಎಂದಳು.

ಹೊಸಬರು ಕೇಳುವ ಇನ್ನೊಂದು ಪ್ರಶ್ನೆ: ತಂತಿಗೆ ಹೆಚ್ಚು ತೊಂದರೆ ಕೊಡುವುದು ಯಾವುದು? ಗಾಳಿ ಎಂದು ಅವರ ಊಹೆ. ನನ್ನ ಅನುಭವದಲ್ಲಿ ಬಲೂನು. ಮೇ ತಿಂಗಳಲ್ಲಿ ಇಲ್ಲಿನ ಮಕ್ಕಳಿಗೆ ಚರ್ಚಿನಲ್ಲಿ ಮೊದಲ ಪರಮಪ್ರಸಾದದ ಸಮಾರಂಭ. ಮನೆಮನೆಯಲ್ಲೂ ಬೆಳ್ಳಿಬಣ್ಣದ ಗ್ಯಾಸ್ ಬಲೂನು. ಕೈತಪ್ಪಿದ್ದು ಬಂದು ತಂತಿಗೆ ಸುತ್ತಿಕೊಳ್ಳುತ್ತದೆ, ಆ ಬಣ್ಣದಲ್ಲಿ ಲೋಹ ಇರುವುದರಿಂದ ಕಿಡಿ ಹಾರುತ್ತದೆ, ಟ್ರಾಮ್ ನಿಲ್ಲುತ್ತದೆ. ಒಮ್ಮೆ ಟಾಲಾ ಬಡಾವಣೆಯಲ್ಲಿ ಕರೆಂಟು ತೆಗೆಸಿ ಬಲೂನು ಇಳಿಸಿದೆವು. ಸೂಟು ಹಾಕಿದ ಒಬ್ಬ ತಂದೆ ಕೆಳಗೆ ಕಾಯುತ್ತಿದ್ದ.

"ಅದು ನಮ್ದು. ವಾಪಸ್ ಕೊಡ್ತೀರಾ? ಮಗಳು ಅಳ್ತಿದಾಳೆ."

ಬಿಲ್ಲಿ ಅರ್ಧ ಸುಟ್ಟ ಬಲೂನನ್ನು ಅವನ ಕೈಗಿಟ್ಟು, "ನಿನ್ನ ಹಿಂದೆ ನಿಂತಿರೋ ಟ್ರಾಮಲ್ಲಿರೋ ಜನಕ್ಕೂ ಒಂದೊಂದು ಕೊಡಿಸ್ಬಿಡು, ಸರಿಹೋಗುತ್ತೆ" ಎಂದರು.

2020ರ ಮೇ ತಿಂಗಳಲ್ಲಿ ಕೊರೋನಾದಿಂದಾಗಿ ಆ ಸಮಾರಂಭಗಳೆಲ್ಲ ಮುಂದೂಡಲ್ಪಟ್ಟವು. ತಂತಿಗೆ ಒಂದು ಬಲೂನೂ ಸಿಗಲಿಲ್ಲ.

ಆ ವೇಳೆಗೆ ಬಿಲ್ಲಿ ನಿವೃತ್ತರಾಗಿ ವರ್ಷಗಳಾಗಿದ್ದವು. ಹೆಂಡತಿ ತೀರಿಕೊಂಡ ಮೇಲೆ ನೇಸ್ ಎಂಬ ಊರಿನಲ್ಲಿ ಒಬ್ಬರೇ ಇದ್ದರು, ಮಗಳು ಬೆಲ್‌ಫಾಸ್ಟ್‌ನಲ್ಲಿ. ಶ್ವಾಸಕೋಶ ಕೆಟ್ಟಿತ್ತು. ಆದರೂ ಪ್ರತಿ ಶನಿವಾರ ಡಬ್ಲಿನ್ನಿನ ಅಂಚಿನ ಸಿಟಿವೆಸ್ಟ್‌ಗೆ ಬರುತ್ತಿದ್ದರು. ನಮ್ಮ ಮನೆ ಇರುವುದೂ ಅಲ್ಲಿಯೇ. ಅಲ್ಲಿನ ಹೊಸ ಮನೆಗಳ ಸಾಲು ಮುಗಿಯುವ ಕಡೆ ಒಂದು ದೊಡ್ಡ ತಗಡಿನ ಶೆಡ್ಡು ಇತ್ತು. ಹಳೆ ವಾಹನಗಳ ಹುಚ್ಚಿನ ಕೆಲವು ವೃದ್ಧರು ಅದನ್ನು ಬಾಡಿಗೆಗೆ ಹಿಡಿದಿದ್ದರು. ಅವರಿಗೆ ಉತ್ತರ ಐರ್ಲೆಂಡಿನ ಒಬ್ಬ ರೈತನ ಹೊಲದಲ್ಲಿ ಬೆಲ್‌ಫಾಸ್ಟ್‌ನ ಒಂದು ಟ್ರಾಲಿಬಸ್ ಸಿಕ್ಕಿತ್ತು. ರೈತ ಅದರಲ್ಲಿ ಕೋಳಿ ಸಾಕಿದ್ದ. ಆ ಬಸ್ಸಿನ ಕೋಳಿ ಹಿಕ್ಕೆ ಕೆರೆಯುವುದರಿಂದ ಹಿಡಿದು ಮೋಟಾರು ಸುತ್ತಿಸುವವರೆಗಿನ ಕೆಲಸದಲ್ಲಿ ಬಿಲ್ಲಿ ಇದ್ದರು. ಶೆಡ್ಡಿನ ಉದ್ದಕ್ಕೂ, ಹೊರಗಿನ ಅಂಗಳದವರೆಗೆ, ಎರಡು ತಂತಿ ಕಟ್ಟಿ ಬಸ್ಸನ್ನು ಓಡಿಸಬೇಕೆಂಬುದು ಯೋಜನೆ. ಡಿಪೋದಲ್ಲಿ ಬದಲಾಯಿಸಿ ಇಟ್ಟಿದ್ದ ಸವೆದ ತಂತಿಯನ್ನು ನಾನು ಮೇಲಿನವರನ್ನು ಕೇಳಿ ತಂದುಕೊಟ್ಟಿದ್ದೆ. ತಂತಿ ಕಟ್ಟುವುದು ಮಾತ್ರ ಬಾಕಿ. ಅದನ್ನು ತಾವೇ ಕಟ್ಟಬೇಕು ಎಂದು ಬಿಲ್ಲಿ ಯಾರಿಗೂ ಕೈ ಹಾಕಲು ಬಿಟ್ಟಿರಲಿಲ್ಲ.

2020ರ ಮಾರ್ಚ್ 27ರಂದು ಸರ್ಕಾರ ಎಲ್ಲರೂ ಮನೆಯಲ್ಲಿರಬೇಕೆಂದಿತು. ವ್ಯಾಯಾಮಕ್ಕೆ ಎರಡು ಕಿಲೋಮೀಟರಿನ ಮಿತಿ. ಎಪ್ಪತ್ತು ದಾಟಿದವರು ಹೊರಗೇ ಬರಬಾರದು. ಶೆಡ್ಡಿನ ಸದಸ್ಯರೆಲ್ಲ ಎಪ್ಪತ್ತು ದಾಟಿದವರು.

ನಮ್ಮ ಕೆಲಸ ನಿಲ್ಲಲಿಲ್ಲ. ಟ್ರಾಮುಗಳು ಬಹುತೇಕ ಖಾಲಿ ಓಡುತ್ತಿದ್ದವು. ಒಳಗೆ ಇರುತ್ತಿದ್ದವರು ನರ್ಸುಗಳು, ಅಂಗಡಿಯವರು, ಶುಚಿ ಕೆಲಸದವರು. ಟವರ್ ವ್ಯಾಗನ್ನಿನ ಕಟ್ಟೆಯ ಮೇಲೆ ಇಬ್ಬರು ದೂರ ದೂರ ನಿಲ್ಲಲು ಜಾಗವಿಲ್ಲ. ಆದ್ದರಿಂದ ಜೋಡಿಗಳನ್ನು ಬದಲಾಯಿಸದೆ ಕೊನೆಯವರೆಗೂ ಅದೇ ಇಬ್ಬರು ಎಂದು ಗೊತ್ತು ಮಾಡಿದರು. ನಿವೃತ್ತಿಯ ದಿನ ಹೆಲ್ಮೆಟ್ಟು ಮತ್ತು ಸೊಂಟದ ಬೆಲ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೇಟಿನಲ್ಲಿಟ್ಟು ಬಂದೆ. ಸಮಾರಂಭ ಇರಲಿಲ್ಲ. ನನ್ನ ಜೋಡಿಯವನು ದೂರದಿಂದ ಕೈ ಎತ್ತಿದ.

ಜೂನ್ ಕೊನೆಗೆ ಓಡಾಟದ ನಿರ್ಬಂಧ ತೆಗೆದರು. ಅದೇ ವೇಳೆಗೆ ಶೆಡ್ಡಿನ ಜಾಗದ ಮಾಲೀಕ ಅದನ್ನು ಮನೆ ಕಟ್ಟುವವರಿಗೆ ಮಾರಿದ. ಆಗಸ್ಟ್ ಮುಗಿಯುವುದರೊಳಗೆ ಖಾಲಿ ಮಾಡಬೇಕಿತ್ತು. ಬಸ್ಸನ್ನು ಉತ್ತರದ ಒಂದು ವಸ್ತುಸಂಗ್ರಹಾಲಯ ತೆಗೆದುಕೊಳ್ಳಲು ಒಪ್ಪಿತು. ಅಲ್ಲಿ ತಂತಿ ಇಲ್ಲ, ಓಡಿಸುವುದೂ ಇಲ್ಲ; ನಿಲ್ಲಿಸಿಡುತ್ತಾರೆ.

ಬಿಲ್ಲಿ ಫೋನ್ ಮಾಡಿದರು. ಪ್ರತಿ ವಾಕ್ಯಕ್ಕೂ ಉಸಿರು ಎಳೆದುಕೊಳ್ಳುತ್ತಿದ್ದರು. "ಏಣಿ ಹತ್ತೋಕೆ ನನ್ನ ಕೈಲಾಗಲ್ಲ, ಶ್ರೀ. ನೀನೇ ಕಟ್ಟು. ನಾನು ಕೆಳಗೆ ಕುರ್ಚಿ ಹಾಕ್ಕೊಂಡು ಬೈತಿರ್ತೀನಿ. ಒಂದ್ಸಲ ತಂತಿ ಮೇಲಕ್ಕೆ ಹೋಗೋದನ್ನ ನೋಡ್ಬಿಡ್ತೀನಿ."

ಆಗಸ್ಟ್ ಎರಡನೆಯ ವಾರಕ್ಕೆ ದಿನ ಗೊತ್ತು ಮಾಡಿದೆವು. ಸಹಾಯಕ್ಕೆ ನನ್ನ ಪಕ್ಕದ ಮನೆಯ ಮಂಜುನಾಥ ಬಂದ. ಬೆಂಗಳೂರಿನವನು, ಸಾಫ್ಟ್‌ವೇರ್ ಎಂಜಿನಿಯರ್. ಮಾರ್ಚ್‌ನಿಂದ ಮಲಗುವ ಕೋಣೆಯ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಫೀಸು ನಡೆಸುತ್ತಿದ್ದ. "ಅಂಕಲ್, ಏನಾದ್ರೂ ಭಾರ ಎತ್ತೋ ಕೆಲ್ಸ ಕೊಡಿ, ಇಲ್ಲಾಂದ್ರೆ ತಲೆ ಕೆಟ್ಟೋಗತ್ತೆ" ಎಂದು ತಾನಾಗಿಯೇ ಕೇಳಿದ್ದ. ದಿನಾ ಸಂಜೆ ನನ್ನ ಜೊತೆ ಶೆಡ್ಡಿನಲ್ಲಿ ಸಾಮಾನು ಸಿದ್ಧ ಮಾಡುತ್ತಿದ್ದ.

ಆಗಸ್ಟ್ 7ರ ಸಂಜೆ ಸರ್ಕಾರ ಕಿಲ್ಡೇರ್, ಲೀಷ್ ಮತ್ತು ಆಫಲಿ ಎಂಬ ಮೂರು ಕೌಂಟಿಗಳಿಗೆ, ಅಂದರೆ ಜಿಲ್ಲೆಗಳಿಗೆ, ಮಾತ್ರ ಪ್ರತ್ಯೇಕ ನಿರ್ಬಂಧ ಹಾಕಿತು. ಅಲ್ಲಿರುವವರು ಕೆಲಸ, ಚಿಕಿತ್ಸೆಯಂಥ ಅಗತ್ಯಗಳಿಗಲ್ಲದೆ ಕೌಂಟಿ ದಾಟಬಾರದು. ನೇಸ್ ಕಿಲ್ಡೇರ್‌ನಲ್ಲಿದೆ. ಸಿಟಿವೆಸ್ಟ್ ಡಬ್ಲಿನ್‌ನಲ್ಲಿದೆ. ನಡುವೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತಿನ ದಾರಿ.

ಮಂಜು ಸುಲಭದ ದಾರಿ ಹೇಳಿದ. "ಅಂಕಲ್, ಹಿಂದುಗಡೆ ಹಳ್ಳಿ ರೋಡಿದೆ. ನಾನೇ ಹೋಗಿ ಕರ್ಕೊಂಡು ಬರ್ತೀನಿ. ಯಾರ್ ನೋಡ್ತಾರೆ?"

ಬಿಲ್ಲಿಯೂ ಅದನ್ನೇ ಕೇಳಿದರು. ಕೆಲಸದಲ್ಲಿದ್ದಷ್ಟು ವರ್ಷ ಸುರಕ್ಷತೆಯ ಒಂದು ನಿಯಮವನ್ನೂ ಮುರಿಯದ ಮನುಷ್ಯ. "ಹಿಂದಿನ ಸೀಟಲ್ಲಿ ಕಂಬಳಿ ಹೊದ್ದು ಮಲಗ್ತೀನಿ. ಪೊಲೀಸ್ ಕೇಳಿದ್ರೆ ಹೆಣ ಸಾಗಿಸ್ತಿದೀನಿ ಅನ್ನು."

ಶೈಲಜಾ ಕೆಲಸ ಮಾಡುತ್ತಿದ್ದದ್ದು ನೇಸ್‌ನಲ್ಲೇ. ವಸಂತವಿಡೀ ಕೊರೋನಾ ವಾರ್ಡಿನಲ್ಲಿದ್ದಳು. ಮನೆಗೆ ಬಂದರೆ ಹಿಂಬಾಗಿಲಲ್ಲೇ ಬಟ್ಟೆ ಬದಲಾಯಿಸಿ ಒಳಗೆ ಬರುತ್ತಿದ್ದಳು. ಆ ರೋಗಿಗಳಲ್ಲಿ ಶ್ವಾಸಕೋಶ ಮೊದಲೇ ಕೆಟ್ಟವರಿಗೆ ಏನಾಯಿತೆಂದು ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದು ಕೇಳಿದೆ, ಬಿಲ್ಲಿಯನ್ನು ಕರೆತರುವ ವಿಷಯವನ್ನೂ ಹೇಳಿದೆ.

"ಕೌಂಟಿ ದಾಟೋದು ಆಮೇಲಿನ ಮಾತು" ಎಂದಳು. "ನನ್ನಿಂದ ನಿಮಗೆ, ನಿಮ್ಮಿಂದ ಅವ್ರಿಗೆ. ಅವರ ಹತ್ರ ಹೋಗಬಾರದ ಮೊದಲನೇ ಮನುಷ್ಯ ನೀವೇರೀ."

"ಮಂಜು ಹೋದ್ರೆ?"

"ಮಂಜು ದಿನಾ ಯಾರ ಜೊತೆ ನಿಂತು ಕೆಲಸ ಮಾಡ್ತಿದಾನೆ?"

ನನ್ನ ಜೊತೆ. ಬಿಲ್ಲಿಗೆ ಫೋನ್ ಮಾಡಿ ಆಗುವುದಿಲ್ಲ ಎಂದೆ. "ಗ್ರ್ಯಾಂಡ್" ಎಂದರು. ಇಲ್ಲಿನವರು ಸರಿ ಎನ್ನುವುದಕ್ಕೂ ಹಾಗೆನ್ನುತ್ತಾರೆ, ಮಾತು ಸಾಕು ಎನ್ನುವುದಕ್ಕೂ. ಫೋನ್ ಇಟ್ಟರು.

ಎರಡು ವಾರದ ಮೇಲೆ ಲೀಷ್, ಆಫಲಿಗಳ ನಿರ್ಬಂಧ ತೆಗೆದು ಕಿಲ್ಡೇರ್‌ನದನ್ನು ಮಾತ್ರ ಮುಂದುವರಿಸಿದರು. ಇನ್ನು ಕಾಯುವಂತಿರಲಿಲ್ಲ. ನಾನು ಏಣಿಯ ಮೇಲೆ, ಮಂಜು ಕೆಳಗೆ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲು. ಪರದೆಯಲ್ಲಿ ಬಿಲ್ಲಿ, ತಮ್ಮ ಅಡುಗೆಮನೆಯ ಮೇಜಿನ ಮುಂದೆ.

"ಏಯ್, ನಂಗೆ ನಿನ್ನ ಕಿವಿ ಕಾಣ್ತಿದೆ. ಕಿವಿ ನೋಡೋಕೆ ಕೂತಿದೀನಾ?"

"ಸಾರಿ ಬಿಲ್ಲಿ. ಈಗ?"

"ಈಗ ಮೂಗು."

ಮಂಜು ಮೊಬೈಲನ್ನು ಒಂದು ಕಂಬಕ್ಕೆ ಟೇಪಿನಿಂದ ಸುತ್ತಿದ. ಆಮೇಲೆ ಕೆಲಸ ಸಾಗಿತು. ಮೊದಲ ತಂತಿ ಎಳೆದು ಕಂಬಕ್ಕೆ ಕರೆಂಟು ದಾಟದಂತೆ ಎರಡೂ ತುದಿಗೆ ಪಿಂಗಾಣಿಯ ಇನ್ಸುಲೇಟರ್ ಹಾಕಿ ಬಿಗಿದೆ. ಎರಡನೆಯದನ್ನೂ ಎಳೆದೆ, ಅದರ ಎರಡೂ ತುದಿಯನ್ನು ಕ್ಲಾಂಪ್ ಹಾಕಿ ನೇರವಾಗಿ ಕಬ್ಬಿಣದ ಕಂಬಕ್ಕೆ ಬಿಗಿದೆ. ಕೈ ಒರೆಸಿಕೊಳ್ಳುತ್ತಾ ಇಳಿಯುತ್ತಿದ್ದಾಗ ಬಿಲ್ಲಿ ಕೂಗಿದರು.

"ಆ ಎರಡನೇದರ ತುದಿ ಎಲ್ಲಿಗೆ ಕಟ್ಟಿದೀಯಾ?"

"ಕಂಬಕ್ಕೆ."

"ಇನ್ಸುಲೇಟರ್?"

ನಾನು ಮೇಲೆ ನೋಡಿದೆ. ಹಾಕಿರಲಿಲ್ಲ. ಮರೆತಿರಲಿಲ್ಲ, ಬೇಕು ಎಂದೇ ಹೊಳೆದಿರಲಿಲ್ಲ. ರೈಲಿನಲ್ಲೂ ಟ್ರಾಮಿನಲ್ಲೂ ವಾಪಸು ಹೋಗುವ ಕರೆಂಟು ಹಳಿಯಲ್ಲಿ, ನೆಲದ ಮಟ್ಟದಲ್ಲೇ ಇರುತ್ತದೆ. ಅದು ಕಂಬಕ್ಕೆ ತಾಗಿದರೆ ನಮಗೆ ಹೆದರಿಕೆಯಿಲ್ಲ. ನನ್ನ ಕೈಗಳು ವಾಪಸಿನ ತಂತಿಯನ್ನು ಹಳಿ ಎಂದುಕೊಂಡೇ ಕಟ್ಟಿದ್ದವು. ಆದರೆ ಇಲ್ಲಿ ಒಂದು ಬದಿ ನೆಲಕ್ಕೆ ತಾಗಿದರೆ, ಬಸ್ಸಿನ ಮೈಗೆ ಸೋರಿದ ಕರೆಂಟಿಗೆ ನೆಲದ ಮೂಲಕ ವಾಪಸಾಗುವ ದಾರಿ ಸಿಕ್ಕಂತೆ. ಆಗ ಮೆಟ್ಟಿಲಿನಲ್ಲಿ ಒಂದು ಕಾಲು, ನೆಲದಲ್ಲಿ ಒಂದು ಕಾಲು ಇಟ್ಟವನ ಮೈಯೇ ಆ ದಾರಿ.

"ಮಂಜು" ಎಂದರು ಬಿಲ್ಲಿ, "ನೀನು ಬಸ್ ಹತ್ತೋವಾಗ ಹೇಗೆ ಹತ್ತುತೀಯಾ?"

"ಎಲ್ರ ಹಾಗೇ ಬಿಲ್ಲಿ. ಒಂದೊಂದೇ ಕಾಲು."

"ಹಾಗಾದ್ರೆ ಶ್ರೀ ಇವತ್ತು ನಿನ್ನ ಸುಡೋನಿದ್ದ."

ಎರಡೂ ತುದಿಯ ಕ್ಲಾಂಪ್ ಬಿಚ್ಚಿ, ಇನ್ಸುಲೇಟರ್ ಹಾಕಿ ಮತ್ತೆ ಬಿಗಿದೆ. ಬಿಲ್ಲಿ ಮೊಬೈಲನ್ನು ತುದಿಯ ಹತ್ತಿರ ಹಿಡಿಸಿ ನೋಡಿದ ಮೇಲೆಯೇ ಒಪ್ಪಿದರು.

ಆಗಸ್ಟ್ ಕೊನೆಯ ಶನಿವಾರ ಬಾಡಿಗೆಯ ಜನರೇಟರ್ ಬಂತು. ಶೆಡ್ಡಿನ ಸದಸ್ಯರಲ್ಲಿ ಒಬ್ಬರು ಮಾತ್ರ ಬಂದು ಚಾಲಕನ ಸೀಟಿನಲ್ಲಿ ಕುಳಿತರು. ಟ್ರಾಲಿಬಸ್ಸಿನ ಕೋಲನ್ನು ತಂತಿಗೆ ಏರಿಸಲು ಒಂದು ಉದ್ದನೆಯ ಬಿದಿರಿನ ಗಳ ಇರುತ್ತದೆ, ಅದನ್ನು ಬಸ್ಸಿನ ಹೊಟ್ಟೆಯ ಕೆಳಗೆ ತೂರಿಸಿಟ್ಟಿರುತ್ತಾರೆ. ಅದರ ತುದಿಯ ಕೊಕ್ಕೆಯಿಂದ ಎರಡೂ ಕೋಲು ಏರಿಸಿದೆ. ಮಂಜು ಎರಡೂ ಕಾಲು ಜೋಡಿಸಿ ಬಸ್ಸಿಗೆ ಹಾರಿ ತಲೆಯನ್ನು ಬಾಗಿಲಿಗೆ ಬಡಿಸಿಕೊಂಡ. ಮೊಬೈಲಿನಿಂದ ನಗು, ಆಮೇಲೆ ಬಹಳ ಹೊತ್ತು ಕೆಮ್ಮು.

ಬಸ್ಸು ಹೊರಟಿತು. ಎಂಜಿನ್ನಿನ ಸದ್ದಿಲ್ಲ, ತಂತಿಯ ಮೇಲೆ ಕೋಲು ಜಾರುವ ಸಣ್ಣ ಸದ್ದು ಮಾತ್ರ. ಶೆಡ್ಡಿನ ಬಾಗಿಲು ದಾಟಿ ಅಂಗಳದ ತುದಿಗೆ ಹೋಗಿ ನಿಂತಿತು. ಅದು ಹಾಗೆ ಓಡಿದ್ದು ಅದೊಂದೇ ದಿನ. ಕರೆ ಕಡಿದುಹೋಯಿತೇ ಎಂದು ಮಂಜು ನೋಡಿದ. ಕಡಿದಿರಲಿಲ್ಲ.

ಸೋಮವಾರ, ಆಗಸ್ಟ್ 31ರಂದು, ಕಿಲ್ಡೇರ್‌ನ ನಿರ್ಬಂಧವನ್ನು ತೆಗೆದರು. ಜಾಗದ ಮಾಲೀಕನನ್ನು ಕೇಳಿಕೊಂಡು ತಂತಿ ಬಿಚ್ಚಲು ಇನ್ನೊಂದು ದಿನ ಪಡೆದೆವು. ಮರುದಿನ ಬೆಳಿಗ್ಗೆ ಬಿಲ್ಲಿ ಟ್ಯಾಕ್ಸಿಯಲ್ಲಿ ಬಂದರು. ಮುಖಗವಸು, ಕೈಯಲ್ಲಿ ಊರುಗೋಲು. ನಾನು ಅಂಗಳದ ಇನ್ನೊಂದು ತುದಿಯಲ್ಲಿ ನಿಂತೆ. ಜನರೇಟರ್ ವಾಪಸು ಹೋಗಿತ್ತು, ತಂತಿಯಲ್ಲಿ ಕರೆಂಟು ಇರಲಿಲ್ಲ.

ಅವರು ತಂತಿಯ ಕೆಳಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನ ನಡೆದರು. ಅಲ್ಲಲ್ಲಿ ನಿಂತು ಮೇಲೆ ನೋಡಿದರು.

"ನೆಟ್ಟಗಿದೆ" ಎಂದರು.

"ಬೆಲ್‌ಫಾಸ್ಟ್‌ನ ಹಟ" ಎಂದೆ ದೂರದಿಂದ.

ಬಸ್ಸಿನ ಹಿಂದಿನ ಮೆಟ್ಟಿಲ ಮೇಲೆ ಕುಳಿತರು. ಹಾರುವ ಶಕ್ತಿ ಇರಲಿಲ್ಲ. ಕುಳಿತಲ್ಲಿಯೇ ತಿರುಗಿ, ಎರಡು ಮೊಣಕಾಲನ್ನೂ ಕೈಯಿಂದ ಅಪ್ಪಿ ಹಿಡಿದು, ಎರಡೂ ಪಾದಗಳನ್ನು ಒಟ್ಟಿಗೆ ನೆಲದಿಂದ ಎತ್ತಿ ಒಳಗಿಟ್ಟರು. ಸ್ವಲ್ಪ ಹೊತ್ತು ಕಂಡಕ್ಟರ್ ನಿಲ್ಲುವ ಜಾಗದಲ್ಲಿ ಕುಳಿತಿದ್ದು, ಹಾಗೆಯೇ ಇಳಿದರು. ಆಮೇಲೆ ಕುರ್ಚಿ ಹಾಕಿಸಿಕೊಂಡು, ತಂತಿ ಬಿಚ್ಚುವ ಕ್ರಮವನ್ನು ಒಂದೊಂದಾಗಿ ಹೇಳಿದರು. ಮಧ್ಯಾಹ್ನದೊಳಗೆ ಎಲ್ಲ ಬಿಚ್ಚಿದೆವು.

ಬಸ್ಸು ಈಗ ಉತ್ತರದ ವಸ್ತುಸಂಗ್ರಹಾಲಯದಲ್ಲಿದೆ. ಕೋಲುಗಳನ್ನು ಇಳಿಸಿ ಹಗ್ಗದಿಂದ ಬಿಗಿದಿದ್ದಾರೆ. ಶೆಡ್ಡಿದ್ದಲ್ಲಿ ಮನೆಗಳು ಬಂದಿವೆ. ತಂತಿಯನ್ನು ಗುಜರಿಗೆ ಕೊಟ್ಟೆವು, ಬಿಲ್ಲಿ ಕೇಳಿ ತೆಗೆದುಕೊಂಡ ಎರಡು ತುಂಡುಗಳ ಹೊರತು. ಮರುವರ್ಷದ ಬೇಸಿಗೆಯಲ್ಲಿ, ಇಬ್ಬರಿಗೂ ಲಸಿಕೆಯಾದ ಮೇಲೆ, ನಾನು ನೇಸ್‌ಗೆ ಹೋದೆ. ಅವರ ಹಿತ್ತಿಲಲ್ಲಿ ಎರಡು ಗೂಟಗಳ ನಡುವೆ ಆ ತುಂಡುಗಳು ಜೋಡಿಯಾಗಿ, ನೆಟ್ಟಗೆ, ತಲೆಯ ಎತ್ತರದಲ್ಲಿವೆ. ಅವುಗಳನ್ನು ಕಟ್ಟಿದ್ದು ಬಿಲ್ಲಿ. ಅವುಗಳ ಮೇಲೆ ಬಟ್ಟೆ ಒಣಗಿಸುತ್ತಾರೆ. ನಾಲ್ಕೂ ತುದಿಗೆ ಇನ್ಸುಲೇಟರ್ ಇದೆ.